ಅಟ್ಟದ ಮೇಲಿನ ಮಿಲಿಟರಿ ಕೋಟು



ನಮ್ಮ ಆದವಾನಿ, ಆಲೂರು ಸೀಮೆಯು ಎರೆಹೊಲದ ನಾಡು. ಹತ್ತಿ, ಜೋಳ, ಕಡಲೆಗಳ ನಾಡು. ಇಲ್ಲಿ ಬಿಸಿಲಿಗೆ ಬರವಿಲ್ಲ. ಚಳಿಯಾದರೋ ಮಾರ್ಗಶಿರ ಪುಷ್ಯಗಳಲ್ಲಿ ನಂಟನಂತೆ ಬಂದು, ಶಿವರಾತ್ರಿಯಂದು ಶಿವಶಿವಾ ಎನ್ನುತ್ತ ಹೊರಟುಹೋಗುವುದು. ಇಂಥ ಸೀಮೆಯಲ್ಲಿಯೂ ಕೆಲವು ಹಳೆಯ ಮನೆಗಳ ಅಟ್ಟವನ್ನು ಕೆದಕಿದರೆ, ಮೊಳಕಾಲಿನ ಕೆಳಗೆ ಇಳಿಯುವ, ಎತ್ತಿದರೆ ಕೈ ಸೋಲುವಷ್ಟು ಭಾರವಾದ ಉಣ್ಣೆಯ ದಗಲೆಯೊಂದು ಸಿಕ್ಕುವುದುಂಟು. ನಮ್ಮ ಊರಿನ ಯಾವ ದರ್ಜಿಯೂ ಅದನ್ನು ಹೊಲಿದಿರಲಾರ. ನಮ್ಮ ಊರಿನ ಯಾವ ಚಳಿಯೂ ಅದನ್ನು ಬೇಡದು. ಅದು ದಂಡಿನಿಂದ ಬಂದ ಬಟ್ಟೆ. ಮನೆಯವರು ಅದನ್ನು “ಮಿಲಿಟರಿ ಕೋಟು” ಎಂದು ಕರೆದು, ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಮತ್ತೆ ಟ್ರಂಕಿನಲ್ಲಿ ತುರುಕುವರು. ಕೊನೆಗೊಂದು ದಿನ, ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆಸುವಾಗ, ಗುಜರಿಯವನ ತಕ್ಕಡಿಗೆ ಅದು ಬೀಳುವುದು.

ತಕ್ಕಡಿಗೆ ಬೀಳುವ ಮೊದಲು ಆ ಬಟ್ಟೆಯನ್ನು ಒಮ್ಮೆ ಓದಿರಿ ಎಂದು ಕೇಳಿಕೊಳ್ಳುವುದೇ ಈ ತಿಂಗಳ ಬರಹದ ಉದ್ದೇಶ. ಓದಲು ಬರುವಂತೆಯೇ ಅದನ್ನು ಬರೆದಿದ್ದಾರೆ.

ಉಣ್ಣೆಯ ವಿಷಯದಲ್ಲಿ ನಮ್ಮವರಿಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ಕಂಬಳಿಯನ್ನು ಹೊದ್ದು ಬೆಳೆದವನಿಗೆ ಉಣ್ಣೆ ಕೈಗೇ ಗೊತ್ತಾಗುವುದು. ನಮ್ಮ ಕುರುಬರು ದಖ್ಖನಿ ಕುರಿಯ ಒರಟು ಕರಿಯ ಉಣ್ಣೆಯನ್ನು ಕತ್ತರಿಸಿ, ನೂತು, ಹಾಸಿಗೆ ಹುಣಸೆಬೀಜದ ಗಂಜಿಯನ್ನು ಬಳಿದು, ಕುಣಿಮಗ್ಗದಲ್ಲಿ ನೇಯುವರು. ಹೊಸ ಕಂಬಳಿ ಬಿರುಸಾಗಿ ಹಲಗೆಯಂತೆ ನಿಲ್ಲುವುದು ಆ ಗಂಜಿಯಿಂದಲೇ. ಹಾಸು ಹೊಕ್ಕುಗಳನ್ನು ಎಣಿಸಬಹುದು. ಬೆಳಕಿಗೆ ಹಿಡಿದರೆ ಕಣ್ಣುಕಣ್ಣಾಗಿ ಕಾಣುವುದು. ದಂಡಿನ ಕೋಟಿನ ಬಟ್ಟೆ ಹಾಗಲ್ಲ. ಗಿರಣಿಯಲ್ಲಿ ನೇಯ್ದ ಉಣ್ಣೆಯ ಬಟ್ಟೆಯನ್ನು ಬಿಸಿನೀರು, ಸಾಬೂನುಗಳಲ್ಲಿ ಹಾಕಿ ಕುಟ್ಟಿ ಕುಗ್ಗಿಸುವರು. ಆಗ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ನೇಯ್ಗೆಯೇ ಮರೆಯಾಗುವಷ್ಟು ಒತ್ತಾಗುವುವು. ಗಾಳಿ ನುಗ್ಗದು, ಸಣ್ಣ ಮಳೆ ಇಳಿಯದು. ನಮ್ಮ ಕಂಬಳಿಗೂ ಸರ್ಕಾರಿ ಕೋಟಿಗೂ ಇರುವ ಮೊದಲನೆಯ ಭೇದ ಇದೇ.

ಉಣ್ಣೆಯೋ ಅಲ್ಲವೋ ಎಂಬ ಸಂದೇಹವಿದ್ದರೆ ಏಳನೆಯ ತರಗತಿಯ ಹುಡುಗರೂ ಮಾಡಬಲ್ಲ ಪರೀಕ್ಷೆಯೊಂದಿದೆ. ಒಳಮಡಿಕೆಯಿಂದ ಒಂದೇ ಒಂದು ಎಳೆಯನ್ನು ತೆಗೆದು, ಚಿಮಟದಲ್ಲಿ ಹಿಡಿದು, ದೀಪಕ್ಕೆ ತೋರಿಸಿರಿ. ಕೂದಲು ಸುಟ್ಟ ನಾತ ಬಂದು, ಉಳಿದ ಕರಿ ಬೆರಳಿನಲ್ಲಿ ಪುಡಿಯಾದರೆ ಉಣ್ಣೆ. ಕಾಗದದಂತೆ ಉರಿದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿಯಾದ ಮಣಿಯಾದರೆ ನೈಲಾನ್ ಜಾತಿಯ ನೂಲು. ನೈಲಾನನ್ನು ಕಂಡುಹಿಡಿದದ್ದು 1935ರಲ್ಲಿ. ಆದುದರಿಂದ ಬಟ್ಟೆಯಲ್ಲಿ ಅದು ಬೆರೆತಿದ್ದರೆ ಒಂದನೆಯ ಮಹಾಯುದ್ಧದ ಮಾತನ್ನು ಅಲ್ಲಿಗೇ ಬಿಡಬಹುದು. ಪರ್ರೆಂದು ಕೀಳುವ, ಅಂಟಿಸಿದರೆ ಅಂಟಿಕೊಳ್ಳುವ ವೆಲ್ಕ್ರೋ ಪಟ್ಟಿ ಇದ್ದರಂತೂ ಅದು ಎರಡನೆಯ ಮಹಾಯುದ್ಧಕ್ಕಿಂತಲೂ ಈಚಿನದು. ಪೇಟೆಯ ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ಹೊಲಿಗೆಯ ದಾರ ಬೆಳ್ಳಗೆ ಹೊಳೆದರೆ ಹೊಸದು ಎಂದು ಹಳೆಯ ಬಟ್ಟೆ ಸಂಗ್ರಹಿಸುವವರು ಹೇಳುವರು. ನಾನು ಆ ಪರೀಕ್ಷೆಯನ್ನು ಅಷ್ಟಾಗಿ ನೆಚ್ಚುವುದಿಲ್ಲ. ಈಗಿನ ಬಟ್ಟೆಸೋಪಿನ ಪುಡಿಯಲ್ಲಿಯೂ ಅದೇ ಹೊಳಪಿನ ದ್ರವ್ಯವಿರುವುದರಿಂದ, ಸೊಸೆ ಒಮ್ಮೆ ಒಗೆದರೆ ಸಾಕು, ಅಜ್ಜನ ಕೋಟೂ ಹೊಳೆಯುವುದು.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಕೋಟನ್ನು ಹೊರಳಿಸಿ, ಅಸ್ತರಿನ ಮೇಲೆ, ಕಾಲರಿನ ಕೆಳಗೆ, ಒಳಕಿಸೆಯ ಬಾಯಿಯಲ್ಲಿ ನೋಡಿರಿ. ಕರಿಯ ಶಾಯಿಯ ಠಸ್ಸೆಯೋ ಹೊಲಿದ ಬಟ್ಟೆಯ ಚೀಟಿಯೋ ಇರಬೇಕು. ಅದರಲ್ಲಿ ಹಕ್ಕಿಯ ಕಾಲಿನ ಗುರುತಿನಂತೆ ಮೂರು ಗೀಟಿನ ಬಾಣವೊಂದು ಕಂಡರೆ, ಅದು ಬ್ರಿಟಿಷ್ ಸರ್ಕಾರದ ಸ್ವತ್ತಿನ ಗುರುತು. ನಮ್ಮ ರೈತರು ಎತ್ತಿಗೆ ಬರೆ ಹಾಕುವಂತೆ, ಆ ಸರ್ಕಾರವು ಶತಮಾನಗಳ ಕಾಲ ತನ್ನ ಬಂದೂಕಿನಿಂದ ಹಿಡಿದು ಕಂಬಳಿಯವರೆಗೆ ಎಲ್ಲಕ್ಕೂ ಈ ಬಾಣವನ್ನು ಒತ್ತುತ್ತಿತ್ತು. ಬಾಣದ ಜೊತೆಗೆ ಇಂಗ್ಲಿಷಿನ ‘ಐ’ ಅಕ್ಷರವಿದ್ದರೆ ಅದು ಇಂಡಿಯಾದ ಸೈನ್ಯಕ್ಕಾಗಿ ತಯಾರಾದದ್ದು. ‘ಸಿ’ ಅಕ್ಷರದ ಹೊಟ್ಟೆಯೊಳಗೆ ಬಾಣವಿದ್ದರೆ ಕೆನಡಾದ್ದು. ‘ಯು’ ಅಕ್ಷರದೊಳಗಿದ್ದರೆ ದಕ್ಷಿಣ ಆಫ್ರಿಕದ್ದು. ಚೀಟಿಯಲ್ಲಿ ಬಟ್ಟೆಯ ಹೆಸರು, ಅಳತೆಯ ಸಂಖ್ಯೆ, ತೊಡುವವನ ಎತ್ತರ, ಎದೆಯ ಸುತ್ತಳತೆ, ತಯಾರಕರ ಹೆಸರು ಮತ್ತು ಇಸವಿ ಇರುವುವು. ಇಸವಿಯೊಂದನ್ನು ಓದಿದರೂ ಅರ್ಧ ಕೆಲಸ ಮುಗಿಯಿತು.

ತಯಾರಕರ ಹೆಸರೂ ಸುಮ್ಮನಲ್ಲ. ನಮ್ಮ ದೇಶದಲ್ಲಿ ದಂಡಿಗೆ ಉಣ್ಣೆಬಟ್ಟೆ ಒದಗಿಸಿದ ಹಳೆಯ ಗಿರಣಿಗಳೆಂದರೆ, ಜನರು ‘ಲಾಲ್ ಇಮ್ಲಿ’ ಎಂದು ಕರೆಯುವ, 1876ರಲ್ಲಿ ಆರಂಭವಾದ ಕಾನ್ಪುರದ ಗಿರಣಿ ಮತ್ತು 1880ರ ಪಂಜಾಬಿನ ಧಾರಿವಾಲ್ ಗಿರಣಿ. ನಮಗೆ ಹತ್ತಿರದಲ್ಲಿ ಬೆಂಗಳೂರಿನ ಬಿನ್ನಿ ಗಿರಣಿಯೂ ದಂಡಿಗೆ ಬಟ್ಟೆ ನೇಯುತ್ತಿತ್ತು. ಈಗ ಅದು ಹೆಸರಿಗೆ ಮಾತ್ರ ಉಳಿದಿದೆ. ಹೊಲಿಗೆಯ ಕೆಲಸಕ್ಕೆ 1914ರಲ್ಲಿ ಷಹಜಹಾನ್‌ಪುರದಲ್ಲಿ ಆರಂಭವಾದ ಕಾರ್ಖಾನೆ ಹೆಸರಾದದ್ದು. ಮದರಾಸಿನ ಬಳಿಯ ಆವಡಿಯ ಉಡುಪು ಕಾರ್ಖಾನೆ 1961ರಲ್ಲಿ ಬಂದಿತು. ಇವೆರಡೂ 2021ರಲ್ಲಿ ‘ಟ್ರೂಪ್ ಕಂಫರ್ಟ್ಸ್’ ಎಂಬ ಸರ್ಕಾರಿ ಕಂಪನಿಯ ಅಡಿಗೆ ಸೇರಿವೆ. ಆದುದರಿಂದ ಆವಡಿಯ ಹೆಸರುಳ್ಳ ಬಟ್ಟೆಯನ್ನು ತೋರಿಸಿ, ಇದು ಬರ್ಮಾ ಯುದ್ಧದ್ದು ಎಂದು ಯಾರಾದರೂ ಹೇಳಿದರೆ ನೀವು ನಕ್ಕು ಸುಮ್ಮನಾಗಬಹುದು.

ಚೀಟಿ ಅಳಿಸಿದ್ದರೆ ಬಣ್ಣವನ್ನೂ ಗುಂಡಿಯನ್ನೂ ಕೇಳಬೇಕು. ಖಾಕಿ ಎಂದರೆ ಧೂಳಿನ ಬಣ್ಣ. ಬರ್ಮಾದ ಕಾಡಿನಲ್ಲಿ ಈ ಧೂಳಿನ ಬಣ್ಣ ಶತ್ರುವಿನ ಕಣ್ಣಿಗೆ ಎದ್ದು ಕಂಡಿದ್ದರಿಂದ, ಎರಡನೆಯ ಮಹಾಯುದ್ಧದ ನಡುವಿನಲ್ಲಿಯೇ ಅಲ್ಲಿನ ಸಿಪಾಯಿಗಳಿಗೆ ಹಸಿರು ಬಟ್ಟೆ ಬಂದಿತು. ಸ್ವತಂತ್ರ ಭಾರತದ ಸೈನ್ಯವು ಹಸಿರನ್ನೇ ಉಳಿಸಿಕೊಂಡಿತು. ಸ್ಥೂಲವಾಗಿ ಹೇಳುವುದಾದರೆ ಖಾಕಿ ಉಣ್ಣೆಯ ಕೋಟು ಬ್ರಿಟಿಷರ ಕಾಲದ್ದು, ಆಲಿವ್ ಹಸಿರಿನದು ನಮ್ಮ ಕಾಲದ್ದು. ಗುಂಡಿಯ ಮೇಲೆ ಕಿರೀಟವಿದ್ದರೆ 1950ಕ್ಕಿಂತ ಹಿಂದಿನದು. ಅಶೋಕಸ್ತಂಭದ ಸಿಂಹಗಳಿದ್ದರೆ ಗಣರಾಜ್ಯದ್ದು. ಆದರೆ ಗುಂಡಿ ಉದುರುವ ವಸ್ತು. ಅಜ್ಜಿಯರು ಬೇರೆ ಕೋಟಿನ ಗುಂಡಿಯನ್ನು ತಂದು ಹಾಕಿರುವುದೂ ಉಂಟು. ಕಾಜದ ಅಗಲಕ್ಕೆ ಗುಂಡಿ ಒಪ್ಪುವುದೇ, ಎಲ್ಲ ಗುಂಡಿಗಳಿಗೂ ಒಂದೇ ದಾರವೇ ಎಂದು ನೋಡಿಕೊಳ್ಳಬೇಕು.

ಇಲ್ಲಿ ನಮ್ಮ ಸೀಮೆಗೇ ವಿಶೇಷವಾದ ಒಂದು ತೊಡಕಿದೆ. ಗುಂತಕಲ್ಲು ದೊಡ್ಡ ರೈಲ್ವೆ ಜಂಕ್ಷನ್ನು. ನಮ್ಮ ಊರುಗಳಿಂದ ಸೈನ್ಯಕ್ಕೆ ಹೋದವರಿಗಿಂತ ರೈಲಿಗೆ ಹೋದವರೇ ಹೆಚ್ಚು. ರಾತ್ರಿಯ ಪಾಳಿಯ ಗಾರ್ಡುಗಳಿಗೂ ಪಾಯಿಂಟ್‌ಮನ್‌ಗಳಿಗೂ ಸರ್ಕಾರದಿಂದ ಓವರ್‌ಕೋಟು ಸಿಗುತ್ತಿತ್ತು. ಗುಂಡಿಯ ಮೇಲೆ ‘ಎಂ’, ‘ಎಸ್’, ‘ಎಂ’ ಎಂಬ ಅಕ್ಷರಗಳಿದ್ದರೆ ಅದು ಮದರಾಸು ಮತ್ತು ದಕ್ಷಿಣ ಮರಾಠಾ ರೈಲ್ವೆಯ ಗುರುತು. ಆ ರೈಲ್ವೆಯು 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಪೊಲೀಸರ ಖಾಕಿ ಕೋಟುಗಳೂ ಹೀಗೆಯೇ ‘ಮಿಲಿಟರಿ’ ಎನಿಸಿಕೊಂಡು ಕುಳಿತಿರುವುದುಂಟು. ರೈಲ್ವೆಯ ಕೋಟು ಎಂದು ತಿಳಿದಾಗ ಮನೆಯವರ ಮುಖ ಬಾಡುವುದನ್ನು ನಾನು ಕಂಡಿದ್ದೇನೆ. ಬಾಡಬೇಕಾದ ಕಾರಣವೇನೋ ನನಗೆ ತಿಳಿಯದು. ಮೂವತ್ತು ವರ್ಷ ನಡುರಾತ್ರಿಯಲ್ಲಿ ಕೈದೀಪ ಹಿಡಿದು ನಿಂತವನ ಕೋಟಿಗೂ ಒಂದು ಮರ್ಯಾದೆಯಿದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಉಳಿದ ಮಾಲನ್ನು ಸರ್ಕಾರವು ‘ಡಿಸ್ಪೋಸಲ್’ ಎಂಬ ಹೆಸರಿನಲ್ಲಿ ರಾಶಿರಾಶಿಯಾಗಿ ಮಾರಿತು. ಕಂಬಳಿ, ಕೋಟು, ಬೂಟು, ನೀರಿನ ಶೀಸೆ ಎಲ್ಲವೂ ಪೇಟೆಗೆ ಬಂದವು. ದಂಡಿನ ಮುಖ ಕಾಣದವರೂ ದಂಡಿನ ಕೋಟು ತೊಟ್ಟರು. ಹಾಗಾಗಿ ಬಾಣದ ಗುರುತು ಕೋಟು ಯಾರಿಗಾಗಿ ತಯಾರಾಯಿತು ಎಂಬುದನ್ನು ಹೇಳುವುದೇ ಹೊರತು, ಯಾರು ಅದನ್ನು ತೊಟ್ಟು ಕಾದಿದರು ಎಂಬುದನ್ನು ಹೇಳದು. ಅದನ್ನು ಹೇಳುವುದು ಸಿಪಾಯಿ ತಾನೇ ಶಾಯಿಯಿಂದ ಬರೆದುಕೊಂಡ ಸಂಖ್ಯೆ. ಬ್ಯಾರಕ್ಕಿನಲ್ಲಿ ನೂರು ಕೋಟುಗಳು ಒಂದೇ ಬಗೆಯವಾದುದರಿಂದ, ಪ್ರತಿಯೊಬ್ಬನೂ ತನ್ನದರ ಒಳಗೆ ತನ್ನ ಸಂಖ್ಯೆಯನ್ನು ಗುರುತು ಹಾಕಿಕೊಳ್ಳುತ್ತಿದ್ದನು. ಆ ಸಂಖ್ಯೆಯೇ ಅವನ ಜಾತಕ.

ಇದರ ಬೆಲೆ ನನಗೆ ಮನದಟ್ಟಾದ ಪ್ರಸಂಗವೊಂದನ್ನು ಹೇಳಬೇಕು. ಊರಿನಿಂದ ಸೈನ್ಯಕ್ಕೆ ಹೋದವರ ಹೆಸರುಗಳನ್ನು ಬರೆದ ಫಲಕವೊಂದನ್ನು ಶಾಲೆಯ ಗೋಡೆಗೆ ಹಾಕಿಸಬೇಕೆಂದು, ಕೆಲವು ವರ್ಷಗಳ ಕೆಳಗೆ ಗಣರಾಜ್ಯ ದಿನದ ಹೊತ್ತಿಗೆ, ಊರ ಹಿರಿಯರು ನಿಶ್ಚಯಿಸಿದರು. ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಹೊಳಗುಂದದ ಕಡೆಯಿಂದ ಬಂದು ನೆಲೆಸಿದ ಒಂದು ಒಕ್ಕಲುತನದ ವಂಶದಲ್ಲಿ ಎರಡು ಮನೆಗಳು. ಇಬ್ಬರಿಗೂ ಸೇರಿದ ಹಳೆಯ ಮನೆಯ ಅಟ್ಟದಲ್ಲಿ ಒಂದು ಕೋಟು. “ನಮ್ಮ ಮುತ್ತಾತ ಬಸರಾಕ್ಕೆ ಹೋಗಿದ್ದ, ಮೇಷ್ಟ್ರೇ, ಆ ಕೋಟು ಅವಂದೇ” ಎಂದು ಹಿರಿಮನೆಯವರು. “ಇಲ್ಲ ಮೇಷ್ಟ್ರೇ, ಬಸರಾಕ್ಕೆ ಹೋದವನು ನಮ್ಮ ತಾತ” ಎಂದು ಕಿರಿಮನೆಯವರು. ಹಿರಿಮನೆಯ ಮುತ್ತಾತ 1916ರಲ್ಲಿ ಪ್ರಾಯದವನು. ಕಿರಿಮನೆಯ ತಾತ ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಬಸರಾ ಎಂದೊಡನೆ ಎಲ್ಲರೂ ಒಂದನೆಯ ಮಹಾಯುದ್ಧವನ್ನೇ ನೆನೆಯುವುದರಿಂದ, ಊರವರ ಒಲವು ಹಿರಿಮನೆಯ ಕಡೆಗಿತ್ತು. ಎರಡು ಮನೆಗಳ ನಡುವೆ ಮಾತು ನಿಂತಿತ್ತು; ಒಂದು ಮದುವೆಗೆ ಕರೆಯೂ ತಪ್ಪಿತ್ತು.

ಕೋಟನ್ನು ಶಾಲೆಗೆ ತರಿಸಿ, ಇಬ್ಬರ ಎದುರಿನಲ್ಲಿಯೇ ಹೊರಳಿಸಿದೆನು. ಎದೆಯ ಮೇಲೆ ಎರಡು ಸಾಲು ಗುಂಡಿಯ ಖಾಕಿ ಓವರ್‌ಕೋಟು. ಒಳಗೆ ಬಾಣ, ‘ಐ’ ಅಕ್ಷರ, ಅದರ ಕೆಳಗೆ 1942. ಕಾಲರಿನ ಅಡಿಯಲ್ಲಿ ಮಸುಕಾದ ಒಂದು ಸಂಖ್ಯೆ. ಬಸರಾಕ್ಕೆ ನಮ್ಮ ಸೈನ್ಯ ಹೋದದ್ದು ಒಂದು ಸಲವಲ್ಲ, ಎರಡು ಸಲ. 1941ರ ಏಪ್ರಿಲಿನಲ್ಲಿ ಭಾರತದ ದಳಗಳು ಮತ್ತೆ ಅಲ್ಲಿ ಇಳಿದವು. ಆ ಬಳಿಕ ಇರಾಕು, ಇರಾನುಗಳಲ್ಲಿ ಯುದ್ಧ ಮುಗಿಯುವವರೆಗೂ ಕಾವಲಿದ್ದವು. ಇರಾನಿನ ಬೆಟ್ಟಗಳ ಹಿಮದಲ್ಲಿ ಇಂಥ ಕೋಟು ಇಲ್ಲದೆ ಒಂದು ಇರುಳು ಕಳೆಯಲಾಗದು. ಕಿರಿಮನೆಯ ಮುದುಕಿಯೊಬ್ಬಳು ಸೀರೆಯ ಗಂಟಿನಿಂದ ತೆಗೆದುಕೊಟ್ಟ ನಕ್ಷತ್ರದಾಕಾರದ ಪದಕದ ಹಿಂದೆ ಅದೇ ಸಂಖ್ಯೆಯನ್ನು ಕೊರೆದಿದ್ದಿತು. ಆ ಯುದ್ಧದ ನಕ್ಷತ್ರಗಳನ್ನು ಇಂಗ್ಲೆಂಡಿನ ಸಿಪಾಯಿಗಳಿಗೆ ಹೆಸರಿಲ್ಲದೆಯೇ ಕೊಟ್ಟರು. ಭಾರತೀಯರಿಗೆ ಕೊಟ್ಟವುಗಳಲ್ಲಿ ಸಂಖ್ಯೆಯನ್ನೂ ಹೆಸರನ್ನೂ ಕೊರೆದರು. ನಮ್ಮವರಿಗೆ ದೊರೆತ ಸಣ್ಣ ಲಾಭ ಅದೊಂದು. ಫಲಕದಲ್ಲಿ ಕಿರಿಮನೆಯ ತಾತನ ಹೆಸರು ಬಂದಿತು. ಹಿರಿಮನೆಯವರಿಗೆ ನಾನು ಹೇಳಿದ್ದಿಷ್ಟೇ: ಈ ಕೋಟು ನಿಮ್ಮ ಮುತ್ತಾತನದಲ್ಲ; ಆದರೆ ಅವನು ದಂಡಿಗೆ ಹೋಗಲಿಲ್ಲವೆಂದು ಈ ಕೋಟು ಹೇಳುವುದಿಲ್ಲ; ಒಂದು ಕಾಗದವೋ ಒಂದು ಪದಕವೋ ಸಿಕ್ಕಿದ ದಿನ ಬಣ್ಣದ ಡಬ್ಬಿ ತೆರೆಯುತ್ತೇನೆ. ಫಲಕದಲ್ಲಿ ಒಂದು ಗೆರೆಯ ಜಾಗವನ್ನು ಬಿಡಿಸಿದ್ದೇನೆ. ಮದುವೆಯ ಕರೆಗಳು ಈಗ ತಪ್ಪುತ್ತಿಲ್ಲ.

ಕೋಟಲ್ಲದೆ ಬೇರೆ ಬಟ್ಟೆಗಳೂ ಸಿಕ್ಕಬಹುದು. ಸೊಂಟದವರೆಗೆ ಮಾತ್ರ ಬರುವ, ಬೀಡುಬೀಡಾದ ಖಾಕಿ ಉಣ್ಣೆಯ ಅಂಗಿ 1930ರ ದಶಕದ ಕೊನೆಯಲ್ಲಿ ಬಂದ ಯುದ್ಧದುಡುಪು. ಇಟಲಿಯಲ್ಲಿ ಕಾದಿದ ನಮ್ಮ ದಳಗಳು ಚಳಿಗಾಲದಲ್ಲಿ ತೊಟ್ಟದ್ದು ಅದನ್ನೇ. ತೋಳಿಲ್ಲದ, ಒಳಗೆ ಉಣ್ಣೆಯ ಅಸ್ತರಿರುವ ಕಂದುಬಣ್ಣದ ಚರ್ಮದ ಅಂಗಿಯು ಎರಡೂ ಯುದ್ಧಗಳಲ್ಲಿದ್ದುದರಿಂದ, ಇಸವಿಯಿಲ್ಲದೆ ಕಾಲ ಹೇಳುವುದು ಕಷ್ಟ. ಉಣ್ಣೆಯನ್ನು ಒಳಗೆ ಮಾಡಿ ಹೊಲಿದ ಕುರಿದೊಗಲಿನ ನಿಲುವಂಗಿ ‘ಪೋಸ್ತೀನ್’. ವಾಯವ್ಯ ಗಡಿಯಲ್ಲಿ ರಾತ್ರಿ ಪಹರೆಯವರಿಗೆ ಕೊಡುತ್ತಿದ್ದರು. ಕಾಲಿಗೆ ಸುತ್ತುವ ಉದ್ದನೆಯ ಉಣ್ಣೆಯ ಪಟ್ಟಿಗೆ ಇಂಗ್ಲಿಷರೂ ನಮ್ಮ ‘ಪಟ್ಟಿ’ ಎಂಬ ಮಾತನ್ನೇ ಇಟ್ಟುಕೊಂಡರು. ನಾವು ಮಂಕಿ ಕ್ಯಾಪ್ ಎನ್ನುವ ಟೋಪಿಗೆ ಅವರಿಟ್ಟ ಹೆಸರು ‘ಬಾಲಕ್ಲಾವಾ’. 1854ರಲ್ಲಿ ಕ್ರಿಮಿಯಾದ ಆ ಊರಿನ ಬಳಿ ಯುದ್ಧ ನಡೆಯಿತು. ನಮ್ಮ ಮುದುಕರು ಮಾಘದ ಬೆಳಗಿನಲ್ಲಿ ಅದನ್ನು ತೊಟ್ಟು ಚಹಾದಂಗಡಿಯ ಮುಂದೆ ಕೂಡುವಾಗ ಈ ಚರಿತ್ರೆಯ ಭಾರ ಅವರ ತಲೆಯ ಮೇಲಿರುವುದಿಲ್ಲ.

ಬೆಚ್ಚನೆಯ ಬಟ್ಟೆ ಸಕಾಲಕ್ಕೆ ದೊರೆಯದ ಕಥೆ ನಮ್ಮ ಸೈನಿಕರಿಗೆ ಹೊಸದಲ್ಲ. 1914ರ ಸೆಪ್ಟೆಂಬರಿನ ಕೊನೆಯಲ್ಲಿ ಫ್ರಾನ್ಸಿನ ಮಾರ್ಸೇಲ್ಸಿನಲ್ಲಿ ಇಳಿಯತೊಡಗಿದ ಭಾರತೀಯ ದಳಗಳು ತೊಟ್ಟಿದ್ದುದು ಹತ್ತಿಯ ಖಾಕಿ. ಕಂದಕಗಳಲ್ಲಿ ಹಿಮ ಬಿದ್ದ ಮೇಲೆ ಉಣ್ಣೆ ಬಂದಿತು. 1962ರ ಅಕ್ಟೋಬರಿನಲ್ಲಿ ಚೀನಾದ ದಾಳಿಯಾದಾಗಲೂ ಅದೇ ಆಯಿತು. ಬಯಲುಸೀಮೆಯಿಂದ ನೇರವಾಗಿ ಹಿಮಾಲಯಕ್ಕೆ ಏರಿದ ಎಷ್ಟೋ ತುಕಡಿಗಳ ಮೈಮೇಲೆ ಬೇಸಗೆಯ ಬಟ್ಟೆ, ಕಾಲಲ್ಲಿ ಕ್ಯಾನ್ವಾಸಿನ ಬೂಟು. ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾ ಎಂಬಲ್ಲಿ, 16,000 ಅಡಿಗೂ ಮೇಲೆ, 13ನೆಯ ಕುಮಾವೂ ದಳದ ಒಂದು ಕಂಪನಿ ಕೊನೆಯವರೆಗೂ ಕಾದಿ ಮಡಿಯಿತು. ಮರುವರ್ಷ ಹಿಮದಲ್ಲಿ ಹೆಪ್ಪುಗಟ್ಟಿದ್ದ ಅವರ ದೇಹಗಳನ್ನು ಮೊದಲು ಕಂಡವನು ಒಬ್ಬ ಕುರಿಗಾಹಿ ಎನ್ನುವರು.

ಆ ಚಳಿಗಾಲದಲ್ಲಿ ದೇಶದಾದ್ಯಂತ ಹೆಂಗಸರು ಜವಾನರಿಗಾಗಿ ಸ್ವೆಟರು ಹೆಣೆದರು. ಅಂಥ ಸ್ವೆಟರಿಗೆ ಚೀಟಿಯಿಲ್ಲ, ಠಸ್ಸೆಯಿಲ್ಲ. ಕೈಹೆಣಿಗೆಯಲ್ಲಿ ಸಾಲುಗಳು ಒಂದೇ ಸಮನಾಗಿರವು. ಒಂದು ತೋಳು ಇನ್ನೊಂದಕ್ಕಿಂತ ಬೆರಳಗಲ ಉದ್ದವಾಗಿದ್ದೀತು. ನಿವೃತ್ತನಾದ ಯೋಧನ ಪೆಟ್ಟಿಗೆಯಲ್ಲಿ ಇಂಥದೊಂದು ಇದ್ದರೆ, ಅದು ಮನೆಯವರು ಹೆಣೆದದ್ದೋ, ಹೆಸರು ತಿಳಿಯದ ಯಾವ ಊರಿನ ತಾಯಿಯೋ ಹೆಣೆದದ್ದೋ ಎಂದು ಅವನು ಬದುಕಿರುವಾಗಲೇ ಕೇಳಿ ಬರೆದಿಡಿರಿ. ಬೇರೆ ಯಾವ ಪರೀಕ್ಷೆಯಿಂದಲೂ ಅದು ತಿಳಿಯದು.

1962ರ ಬಳಿಕ ನಮ್ಮ ಪರ್ವತ ದಳಗಳಿಗೆ ಅಮೆರಿಕದಿಂದಲೂ ಚಳಿಯುಡುಪು ಬಂದಿತು. ಅಮೆರಿಕದ ಚೀಟಿಯಲ್ಲಿ ಬಾಣವಿರುವುದಿಲ್ಲ. ಉದ್ದನೆಯ ಗುತ್ತಿಗೆ ಸಂಖ್ಯೆ ಇರುವುದು. ಅದು ‘ಡಿ’, ‘ಎಸ್’, ‘ಎ’ ಅಕ್ಷರಗಳಿಂದ ಆರಂಭವಾದರೆ 1962ರಿಂದ 1977ರ ನಡುವಿನದು. ನೂರರ ಅಂಕೆಯ ನಂತರ ಬರುವ ಎರಡು ಅಂಕೆಗಳು ಇಸವಿಯ ಕೊನೆಯ ಅಂಕೆಗಳು. ಆದರೆ ಅಮೆರಿಕದ ಹಳೆಯ ಬಟ್ಟೆಯು ಗುಜರಿಯ ಮೂಟೆಗಳಲ್ಲಿಯೂ ನಮ್ಮ ದೇಶಕ್ಕೆ ಬರುತ್ತಿರುವುದರಿಂದ, ಸಂತೆಯಲ್ಲಿ ಕೊಂಡ ಜಾಕೀಟಿಗೆ ಯುದ್ಧದ ಕಥೆ ಕಟ್ಟಬೇಡಿರಿ. ಸೈನ್ಯದ ಉಡುಪು ತೊಟ್ಟು ಸೈನಿಕನೆಂದು ಜನರನ್ನು ನಂಬಿಸುವುದು ಕಾನೂನಿನಲ್ಲಿ ಅಪರಾಧವೆಂಬುದನ್ನೂ ನಮ್ಮ ಹುಡುಗರಿಗೆ ತಿಳಿಸಿರಿ.

1984ರ ಏಪ್ರಿಲ್ 13ರಂದು ನಮ್ಮ ಸೈನ್ಯ ಸಿಯಾಚಿನ್ ಹಿಮನದಿಯನ್ನು ಏರಿತು. ಅಲ್ಲಿಂದ ಈಚಿನ ಉಡುಪೇ ಬೇರೆ. ಉಣ್ಣೆ ಹಿಂದೆ ಸರಿದು, ಹಕ್ಕಿಯ ಪುಕ್ಕ ತುಂಬಿದ, ಕೃತಕ ನೂಲಿನ, ಪದರಪದರದ ಬಟ್ಟೆಗಳು ಬಂದವು. ಅದೂ ಎಲ್ಲವನ್ನೂ ತಡೆಯದು. 2016ರ ಫೆಬ್ರವರಿ 3ರಂದು ಅಲ್ಲಿ ಹಿಮಪಾತಕ್ಕೆ ಸಿಕ್ಕಿದ 19ನೆಯ ಮದ್ರಾಸ್ ದಳದ ಹತ್ತು ಮಂದಿಯಲ್ಲಿ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದರನ್ನು ಎಲ್ಲರೂ ನೆನೆಯುವರು. ಆರು ದಿನ ಹಿಮದಡಿಯಲ್ಲಿ ಜೀವ ಹಿಡಿದಿದ್ದು, ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಅದೇ ಹಿಮದಡಿಯಲ್ಲಿ ಆಗಿನ ನಮ್ಮ ಕರ್ನೂಲು ಜಿಲ್ಲೆಯ ಪಾರ್ನಪಲ್ಲಿಯ ಸಿಪಾಯಿ ಮುಷ್ತಾಕ್ ಅಹ್ಮದರೂ ಇದ್ದರು. ಅವರ ಹೆಸರನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾದವರು ನಾವೇ.

ಹಳೆಯ ಸಂಖ್ಯೆ ಕೈಗೆ ಸಿಕ್ಕಿದವರು ಮುಂದೇನು ಮಾಡಬೇಕು? ಮದ್ರಾಸ್ ರೆಜಿಮೆಂಟಿನ ಕೇಂದ್ರ ನೀಲಗಿರಿಯ ವೆಲಿಂಗ್ಟನ್‌ನಲ್ಲಿದೆ. ಮದ್ರಾಸ್ ಸ್ಯಾಪರ್ಸ್‌ದು ಬೆಂಗಳೂರಿನಲ್ಲಿ. ಸಂಖ್ಯೆ, ಹೆಸರು, ತಂದೆಯ ಹೆಸರು, ಊರುಗಳನ್ನು ಬರೆದು ಅಲ್ಲಿನ ದಾಖಲೆ ಕಚೇರಿಗೆ ಕಾಗದ ಹಾಕಬಹುದು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿಯೂ ವಿಚಾರಿಸಬಹುದು. ಎರಡು ಮಹಾಯುದ್ಧಗಳಲ್ಲಿ ಮಡಿದವರ ಪಟ್ಟಿ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಬಳಿಯಿದೆ. ಇಲ್ಲಿ ನಮ್ಮವರು ಮರೆಯಬಾರದ ಸಂಗತಿಯೊಂದಿದೆ. 1953ರ ಅಕ್ಟೋಬರ್ 1ರವರೆಗೆ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ಕಾಲದ ಸಿಪಾಯಿಯ ಊರನ್ನು ಕರ್ನೂಲು ಜಿಲ್ಲೆಯೆಂದು ಬರೆದು ಹುಡುಕಿದರೆ ಅವನು ಸಿಕ್ಕಲಾರ. ‘ಬಳ್ಳಾರಿ ಜಿಲ್ಲೆ, ಮದರಾಸು ಪ್ರಾಂತ’ ಎಂದು ಬರೆಯಿರಿ. ಊರಿನ ಹೆಸರನ್ನು ಇಂಗ್ಲಿಷ್ ಗುಮಾಸ್ತನು ಕಿವಿಗೆ ಬಿದ್ದಂತೆ ಗೀಚಿರುವ ಸಂಭವವೂ ಇರುವುದರಿಂದ, ಎರಡು ಮೂರು ಬಗೆಯ ಕಾಗುಣಿತದಲ್ಲಿ ಬರೆದು ಕೇಳಿರಿ.

ಬಟ್ಟೆಯನ್ನು ಮಾತ್ರ ಒಗೆಯಬೇಡಿರಿ. ಬಿಸಿನೀರಿಗೆ ಹಾಕಿದರೆ ಕೋಟು ಕುಗ್ಗುವುದು. ಸೋಪು ಉಜ್ಜಿದರೆ ಶಾಯಿಯ ಸಂಖ್ಯೆ ಹೋಗುವುದು. ಎಳೆಬಿಸಿಲಿನಲ್ಲಿ ಹರವಿ, ಮೆತ್ತನೆಯ ಕುಂಚದಿಂದ ಮಡಿಕೆಗಳನ್ನೂ ಕಿಸೆಯ ಮೂಲೆಗಳನ್ನೂ ಕೊಡವಿರಿ; ಉಣ್ಣೆಯನ್ನು ತಿನ್ನುವ ಹುಳು ಕತ್ತಲೆಯ ಮಡಿಕೆಯಲ್ಲಿಯೇ ಮೊಟ್ಟೆಯಿಡುವುದು. ಹಳೆಯ ಬಿಳಿ ಧೋತರದಲ್ಲಿ ಸುತ್ತಿ, ಒಣಗಿದ ಬೇವಿನ ಎಲೆಯನ್ನೋ ನುಸಿಗುಳಿಗೆಯನ್ನೋ ಬಟ್ಟೆಗೆ ತಾಗದಂತೆ ಚೀಲದಲ್ಲಿ ಕಟ್ಟಿ ಇಡಿರಿ. ಕೋಟು ಯಾರದು, ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನು ಪೆನ್ಸಿಲಿನಲ್ಲಿ ಒಂದು ಕಾಗದದ ಮೇಲೆ ಬರೆದು ಒಳಕಿಸೆಯಲ್ಲಿ ಹಾಕಿರಿ. ಪೆನ್ನಿನಲ್ಲಿ ಬೇಡ, ಮಳೆಗಾಲದ ತೇವಕ್ಕೆ ಶಾಯಿ ಹರಡಿ ಅಸ್ತರಿಗೆ ಇಳಿಯುವುದು.